ದೀಪಗಳ ಊರಿನಲ್ಲಿ ಒಂದು ಇರುಳು

ಹಗಲಿನಲ್ಲಿ ಕಂಡ ಊರು ಇರುಳಿನಲ್ಲಿ ಬೇರೆಯೇ ಊರಾಗಿ ತೋರುವುದುಂಟು. ಹಗಲಿನ ಬಿಸಿಲು ಎಲ್ಲವನ್ನೂ ಒಂದೇ ಸಮನಾಗಿ ತೋರಿಸುತ್ತದೆ. ಇರುಳಿನ ದೀಪವಾದರೋ ತಾನು ಮೆಚ್ಚಿದುದನ್ನು ಮಾತ್ರ ಆರಿಸಿ ತೋರಿಸಿ, ಉಳಿದುದನ್ನು ಕತ್ತಲೆಗೆ ಬಿಟ್ಟುಬಿಡುತ್ತದೆ. ಆದುದರಿಂದಲೇ ಲೋಕದ ಅನೇಕ ನಗರಗಳಲ್ಲಿ ಪ್ರವಾಸಿಗಳಿಗೆ ರಾತ್ರಿಯ ಹೊತ್ತು ಊರು ತೋರಿಸುವ ಪದ್ಧತಿ ಬೆಳೆದಿದೆ. ವಿಯೆಟ್ನಾಂ ದೇಶದ ಹೋಯಿ ಆನ್ ಎಂಬ ಹಳೆಯ ರೇವುಪಟ್ಟಣದಲ್ಲಿ ಚಾಂದ್ರಮಾನದ ಪ್ರತಿ ತಿಂಗಳ ಹದಿನಾಲ್ಕನೆಯ ಇರುಳು ಬೀದಿಯ ವಿದ್ಯುದ್ದೀಪಗಳನ್ನು ಆರಿಸಿ, ರೇಷ್ಮೆಯ ಮತ್ತು ಕಾಗದದ ಲಾಂದ್ರಗಳನ್ನು ಹಚ್ಚುತ್ತಾರೆ. ಅದನ್ನು ನೋಡಲು ದೂರ ದೂರದಿಂದ ಜನ ಬರುತ್ತಾರೆ. ನಮ್ಮ ನಾಡಿನಲ್ಲಿ ಇರುಳಿನ ನೋಟಕ್ಕೆ ಹೆಸರಾದ ಊರು ಮೈಸೂರು. ಅಲ್ಲಿ ದೀಪಗಳನ್ನು ಆರಿಸುವುದಿಲ್ಲ. ಒಂದರ ಮೇಲೊಂದು ಹಚ್ಚುತ್ತಾ ಹೋಗುತ್ತಾರೆ.

ಶಿವಮೊಗ್ಗದ ವಿನೋಬನಗರದ ಶಾಲೆಯೊಂದರ ಒಂಬತ್ತನೆಯ ತರಗತಿಯ ಮಕ್ಕಳು ಒಮ್ಮೆ ದಸರೆಯ ರಜೆಯಲ್ಲಿ ಮೈಸೂರಿಗೆ ಪ್ರವಾಸ ಹೊರಟರು. ಅವರೊಡನೆ ಸಮಾಜವಿಜ್ಞಾನದ ಉಪಾಧ್ಯಾಯರೂ ಇಬ್ಬರು ಉಪಾಧ್ಯಾಯಿನಿಯರೂ ಇದ್ದರು. ಅರಮನೆ, ಆನೆ, ದೀಪಗಳ ಸಾಲು ಇವನ್ನು ನೋಡುವ ಉತ್ಸಾಹದಲ್ಲಿ ಮಕ್ಕಳಿಗೆ ಹಿಂದಿನ ರಾತ್ರಿ ನಿದ್ದೆಯೇ ಹತ್ತಿರಲಿಲ್ಲ.

ಆ ಮಕ್ಕಳಲ್ಲಿ ಒಬ್ಬಳ ಮನೆ ನೂರಡಿ ರಸ್ತೆಯ ಹಿಂದಿನ ಒಂದು ಓಣಿಯಲ್ಲಿತ್ತು. ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ಅಜ್ಜಿ ಬಾಗಿಲಿನವರೆಗೆ ಬಂದರು. ಹತ್ತು ರೂಪಾಯಿಯ ಎರಡು ನೋಟುಗಳನ್ನು ಮೊಮ್ಮಗಳ ಕೈಯಲ್ಲಿ ಮಡಿಸಿಟ್ಟು, “ಮೈಸೂರಿನ ದೀಪಗಳನ್ನು ಕಣ್ತುಂಬ ನೋಡಿಕೊಂಡು ಬಾ, ಪುಟ್ಟೀ. ಅವುಗಳಲ್ಲಿ ನಮ್ಮೂರೂ ಒಂದಿಷ್ಟು ಉರಿಯುತ್ತದೆ” ಎಂದರು. ಅಜ್ಜಿಯ ಮಾತಿನ ಅರ್ಥವೇನೆಂದು ಕೇಳುವಷ್ಟರಲ್ಲಿ ಆಟೋ ಬಂದಿತು. ಹುಡುಗಿ ಓಡಿಹೋಗಿ ಅದನ್ನು ಹತ್ತಿದಳು.

ತಾಳಗುಪ್ಪದ ಕಡೆಯಿಂದ ಮೈಸೂರಿಗೆ ಹೋಗುವ ರೈಲು ಶಿವಮೊಗ್ಗವನ್ನು ಬಿಟ್ಟು ಸ್ವಲ್ಪ ಹೊತ್ತಿಗೆ ಭದ್ರಾವತಿಯನ್ನು ತಲುಪಿತು. ಉಪಾಧ್ಯಾಯರು ಕಬ್ಬಿಣದ ಕಾರ್ಖಾನೆಯ ದಿಕ್ಕನ್ನು ತೋರಿಸಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಹುಟ್ಟಿದ ಆ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದುದನ್ನೂ, ಮೊದಲು ಮಲೆನಾಡಿನ ಕಾಡುಗಳ ಇದ್ದಿಲನ್ನು ಸುಟ್ಟು ಅಲ್ಲಿ ಅದಿರನ್ನು ಕರಗಿಸುತ್ತಿದ್ದುದನ್ನೂ, ಜೋಗದ ವಿದ್ಯುತ್ತು ದೊರೆತ ಮೇಲೆ ವಿದ್ಯುತ್ ಕುಲುಮೆಗಳು ಬಂದುದನ್ನೂ ತಿಳಿಸಿದರು. ಮಕ್ಕಳಲ್ಲಿ ಕೆಲವರು ಕೇಳಿಸಿಕೊಂಡರು. ಕೆಲವರು ಬುತ್ತಿಯ ಗಂಟನ್ನು ಬಿಚ್ಚಿದರು. ರೈಲು ಅರಸೀಕೆರೆ, ಹಾಸನಗಳನ್ನು ದಾಟಿ ಮುಂದೆ ಸಾಗಿತು.

ಸಂಜೆ ಆರೂವರೆ ಗಂಟೆಯ ಹೊತ್ತಿಗೆ ಮಕ್ಕಳೆಲ್ಲರೂ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿರುವ ಹೋಟೆಲ್ ಮಯೂರ ಹೊಯ್ಸಳದ ಮುಂದೆ ಸೇರಿದ್ದರು. ಅಲ್ಲಿ ಎರಡು ಅಂತಸ್ತಿನ ಬಸ್ಸೊಂದು ನಿಂತಿತ್ತು. ಅದರ ಮೇಲಿನ ಅಂತಸ್ತಿಗೆ ಮಾಡಿರಲಿಲ್ಲ. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು 2021ರಲ್ಲಿ ಮೈಸೂರಿನಲ್ಲಿ ಓಡಿಸಲು ಆರಂಭಿಸಿದ ಈ ಬಸ್ಸಿಗೆ ‘ಅಂಬಾರಿ’ ಎಂದು ಹೆಸರು. ವಿಜಯದಶಮಿಯ ಜಂಬೂಸವಾರಿಯಲ್ಲಿ ಆನೆಯ ಬೆನ್ನಿನ ಚಿನ್ನದ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬಿಜಯಂಗೈಯುತ್ತದೆ. ಉಳಿದ ದಿನಗಳಲ್ಲಿ ಈ ಅಂಬಾರಿಯ ಮೇಲೆ ಕುಳಿತು ಊರನ್ನು ನೋಡುವ ಭಾಗ್ಯ ಪ್ರವಾಸಿಗಳದು.

ಮಾರ್ಗದರ್ಶಿ ಮೈಸೂರಿನವರೇ ಆದ ಒಬ್ಬ ತರುಣರು. ಅವರು ಕೈಯಲ್ಲಿ ಧ್ವನಿವರ್ಧಕವನ್ನು ಹಿಡಿದು, “ಮಕ್ಕಳೇ, ಯಾರೂ ಎದ್ದು ನಿಲ್ಲಬೇಡಿ. ಮರದ ಕೊಂಬೆಗಳು ತಲೆಗೆ ತಗಲುವ ಹಾಗಿರುತ್ತವೆ” ಎಂದು ಎಚ್ಚರಿಸಿ, ಊರಿನ ಕಥೆಯನ್ನು ಆರಂಭಿಸಿದರು. ಬಸ್ಸು ನಿಧಾನವಾಗಿ ಚಲಿಸಿತು.

ರಸ್ತೆಯ ಎರಡು ಬದಿಗಳಲ್ಲಿಯೂ ಮರಗಳಿಗೆ ದೀಪದ ಸರಗಳನ್ನು ಸುತ್ತಿದ್ದರು. ರಸ್ತೆಗೆ ಅಡ್ಡಲಾಗಿ ಹಸಿರು, ಕೆಂಪು, ಹಳದಿ ಬಣ್ಣಗಳ ದೀಪತೋರಣಗಳು ತೂಗುತ್ತಿದ್ದುವು. ವೃತ್ತಗಳಲ್ಲಿ ಆನೆ, ನವಿಲುಗಳ ಆಕೃತಿಗಳು ಬೆಳಕಿನಲ್ಲಿಯೇ ಮೈತಳೆದಿದ್ದುವು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕೆಲಸಗಾರರು ಹಬ್ಬಕ್ಕೆ ಬಹು ದಿನಗಳ ಮುಂಚಿನಿಂದಲೇ ಕಂಬಗಳನ್ನು ಹತ್ತಿ ಈ ಅಲಂಕಾರವನ್ನು ಮಾಡುತ್ತಾರೆಂದು ಮಾರ್ಗದರ್ಶಿ ಹೇಳಿದರು. ದೂರದಲ್ಲಿ ಚಾಮುಂಡಿ ಬೆಟ್ಟವು ಕತ್ತಲೆಯಲ್ಲಿ ಕರಗಿಹೋಗಿ, ಅದರ ಮೈಮೇಲೆ ಬರೆದ ‘ಸುಸ್ವಾಗತ’ವೆಂಬ ಬೆಳಕಿನ ಅಕ್ಷರಗಳು ಮಾತ್ರ ಆಕಾಶದಲ್ಲಿ ತೂಗುಹಾಕಿದಂತೆ ಕಾಣಿಸುತ್ತಿದ್ದುವು.

ಬಸ್ಸು ಮೊದಲು ಕ್ರಾಫರ್ಡ್ ಭವನದ ಮುಂದೆ ಹಾದುಹೋಯಿತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಅಲ್ಲಿದೆ. ಅನತಿದೂರದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡ ಕಂಡಿತು. ಕೌಟಿಲ್ಯನ ಅರ್ಥಶಾಸ್ತ್ರದ ಪೂರ್ಣ ಪಾಠವು ವಿದ್ವಾಂಸರ ಕೈಗೆ ಸಿಗದೆ ಶತಮಾನಗಳು ಕಳೆದಿದ್ದುವು. ಅದರ ತಾಳೆಗರಿಯ ಪ್ರತಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಆರ್. ಶಾಮಾಶಾಸ್ತ್ರಿಗಳು ಈ ಸಂಸ್ಥೆಯಲ್ಲಿ ಕೆಲಸ ಮಾಡಿದವರು. “ಈ ಕಟ್ಟಡಕ್ಕೆ ನಾವು ದೀಪ ಹಾಕಿದ್ದೇವೆ, ಆದರೆ ಲೋಕಕ್ಕೆ ದೊಡ್ಡ ಬೆಳಕು ಇದರ ಒಳಗಿನಿಂದ ಹೊರಗೆ ಬಂದಿತು” ಎಂದು ಮಾರ್ಗದರ್ಶಿ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು.

ಅರಮನೆಯನ್ನು ಸಮೀಪಿಸಿದಂತೆ ಜನಸಂದಣಿ ಹೆಚ್ಚಿತು. ಬಸ್ಸು ಹೆಜ್ಜೆ ಹೆಜ್ಜೆಗೂ ನಿಲ್ಲತೊಡಗಿತು. ಅರಮನೆಯಿನ್ನೂ ಕತ್ತಲೆಯಲ್ಲಿತ್ತು, ಅದರ ಗೋಪುರಗಳು ಮಸುಕುಮಸುಕಾಗಿ ತೋರುತ್ತಿದ್ದುವು. ಮಾರ್ಗದರ್ಶಿ ಅದರ ಚರಿತ್ರೆಯನ್ನು ಹೇಳಿದರು. ಹಿಂದೆ ಅಲ್ಲಿದ್ದ ಮರದ ಅರಮನೆಯು 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಹೊಸ ಅರಮನೆಯ ಕೆಲಸ ಆರಂಭವಾಗಿ 1912ರಲ್ಲಿ ಮುಗಿಯಿತು. ಅದರ ನಕ್ಷೆಯನ್ನು ರಚಿಸಿದವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ. ನಡುವಣ ಗೋಪುರದ ಎತ್ತರ 145 ಅಡಿ. ಹಿಂದಿನ ಕಾಲದಲ್ಲಿ ದಸರೆಯ ಇರುಳುಗಳನ್ನು ಎಣ್ಣೆಯ ದೀಪಗಳೂ ಪಂಜುಗಳೂ ದೀವಟಿಗೆಗಳೂ ಬೆಳಗುತ್ತಿದ್ದುವು. ವಿಜಯದಶಮಿಯ ಇರುಳು ಬನ್ನಿಮಂಟಪದಲ್ಲಿ ಇಂದಿಗೂ ನಡೆಯುವ ಪಂಜಿನ ಕವಾಯತು ಆ ಕಾಲವನ್ನು ನೆನಪಿಗೆ ತರುತ್ತದೆ.

ಮಾತು ಮುಗಿಯುವಷ್ಟರಲ್ಲಿ ಗಂಟೆ ಏಳಾಯಿತು. ಒಮ್ಮೆಲೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಅರಮನೆಯು ಆಪಾದಮಸ್ತಕವಾಗಿ ಬೆಳಗಿತು. ಕಮಾನು ಕಮಾನುಗಳ ಅಂಚುಗಳು, ಗುಮ್ಮಟಗಳ ದುಂಡು, ಗೋಪುರದ ತುದಿ, ಕೋಟೆಯ ಬಾಗಿಲುಗಳು ಎಲ್ಲವೂ ಚಿನ್ನದ ಚುಕ್ಕಿಗಳಿಂದ ಬರೆದ ಚಿತ್ರದಂತೆ ಕತ್ತಲೆಯಿಂದ ಎದ್ದು ನಿಂತವು. ಬೀದಿಯಲ್ಲಿ ನೆರೆದಿದ್ದ ಸಾವಿರಾರು ಜನರ ಬಾಯಿಂದ ಒಂದೇ ಉಸಿರಿನಂತೆ ‘ಆಹಾ’ ಎಂಬ ಧ್ವನಿ ಹೊರಟಿತು. ತಂದೆಯರು ಮಕ್ಕಳನ್ನು ಹೆಗಲಮೇಲೆ ಎತ್ತಿಕೊಂಡರು. ಸುಮಾರು ಒಂದು ಲಕ್ಷ ಬಲ್ಬುಗಳು ಈ ಅರಮನೆಯನ್ನು ಅಲಂಕರಿಸುತ್ತವೆ ಎಂದು ಮಾರ್ಗದರ್ಶಿ ತಿಳಿಸಿದರು. ದಸರೆಯ ದಿನಗಳಲ್ಲಷ್ಟೇ ಅಲ್ಲದೆ ಭಾನುವಾರಗಳಂದೂ ಸರ್ಕಾರಿ ರಜಾದಿನಗಳಂದೂ ಸಂಜೆ ಕೆಲವು ಕಾಲ ಈ ದೀಪಗಳು ಬೆಳಗುತ್ತವೆ.

ವಿನೋಬನಗರದ ಹುಡುಗಿಯು ಎವೆಯಿಕ್ಕದೆ ನೋಡುತ್ತಿದ್ದಳು. ಅಜ್ಜಿಯ ಮಾತು ಅವಳಿಗೆ ಆಗ ನೆನಪಾಯಿತು. ಅವಳು ಕೈಯೆತ್ತಿ, “ಅಣ್ಣಾ, ಇಷ್ಟೊಂದು ದೀಪಗಳಿಗೆ ವಿದ್ಯುತ್ತು ಎಲ್ಲಿಂದ ಬರುತ್ತದೆ?” ಎಂದು ಕೇಳಿದಳು.

ಮಾರ್ಗದರ್ಶಿ ಕೂಡಲೇ ಉತ್ತರ ಕೊಟ್ಟರು: “ಶಿವನಸಮುದ್ರದಿಂದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕಾವೇರಿಯ ಆ ಜಲಪಾತದಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆ ಹುಟ್ಟಿತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. 1908ರಲ್ಲಿ ಮೈಸೂರಿಗೆ ಬಂದಿತು.”

“ಈಗಲೂ ಅಲ್ಲಿಂದಲೇ ಬರುತ್ತದೆಯೇ?” ಎಂದು ಹುಡುಗಿ ಮತ್ತೆ ಕೇಳಿದಳು.

ಮಾರ್ಗದರ್ಶಿ ಕ್ಷಣಕಾಲ ಸುಮ್ಮನಾದರು. “ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ” ಎಂದು ನಕ್ಕು, ಉಪಾಧ್ಯಾಯರ ಕಡೆಗೆ ನೋಡಿದರು. ಬಸ್ಸು ಜನಸಂದಣಿಯ ನಡುವೆ ನಿಂತೇ ಇತ್ತು. ಉಪಾಧ್ಯಾಯರು ಎದ್ದು ಬಂದು ಮಕ್ಕಳ ನಡುವೆ ಕುಳಿತರು.

“ಅವರು ಹೇಳಿದುದು ನಿಜ, ಆದರೆ ಅದು ಕಥೆಯ ಮೊದಲ ಅಧ್ಯಾಯ ಮಾತ್ರ. ಈಗ ಒಂದು ಊರಿನ ದೀಪಕ್ಕೆ ಒಂದೇ ಜಲಪಾತ ಎಂಬ ಲೆಕ್ಕವಿಲ್ಲ. ರಾಜ್ಯದ ಎಲ್ಲ ವಿದ್ಯುದಾಗಾರಗಳಿಂದ ಬರುವ ವಿದ್ಯುತ್ತು ತಂತಿಗಳ ದೊಡ್ಡದೊಂದು ಜಾಲದಲ್ಲಿ ಕೂಡಿಕೊಳ್ಳುತ್ತದೆ. ಹಳ್ಳಗಳೆಲ್ಲ ಕೆರೆಗೆ ಬಂದು ಸೇರಿದ ಮೇಲೆ ಯಾವ ಹನಿ ಯಾವ ಹಳ್ಳದ್ದೆಂದು ಹೇಳಲಾಗದಷ್ಟೆ. ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣುಶಕ್ತಿ, ಪಾವಗಡದ ಬಿಸಿಲು, ಶರಾವತಿಯ ನೀರು ಎಲ್ಲವೂ ಈ ಬೆಳಕಿನಲ್ಲಿ ಪಾಲುಗೊಳ್ಳುತ್ತವೆ. ಆದರೆ ಒಂದು ಮಾತನ್ನು ಗಮನಿಸಿ. ಸಂಜೆಯಾದೊಡನೆ ಎಲ್ಲ ಮನೆಗಳಲ್ಲಿಯೂ ದೀಪ ಹತ್ತುತ್ತದೆ. ವಿದ್ಯುತ್ತಿನ ಬೇಡಿಕೆ ಏರುತ್ತದೆ. ಅದೇ ಹೊತ್ತಿಗೆ ಸೂರ್ಯ ಮುಳುಗುವುದರಿಂದ ಬಿಸಿಲಿನ ವಿದ್ಯುತ್ತು ನಿಂತುಹೋಗುತ್ತದೆ. ಕಲ್ಲಿದ್ದಲಿನ ಕುಲುಮೆಯನ್ನು ಬೇಕೆಂದಾಗ ಥಟ್ಟನೆ ಹೆಚ್ಚಿಸುವುದು ಕಷ್ಟ. ಆದರೆ ಅಣೆಕಟ್ಟಿನ ನೀರನ್ನು ಕೊಳವೆಗಳಲ್ಲಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಚಕ್ರಗಳು ತಿರುಗುತ್ತವೆ. ಕಟ್ಟಿ ನಿಲ್ಲಿಸಿದ ನೀರೆಂದರೆ ಕೂಡಿಟ್ಟ ಬೆಳಕು. ಇಂತಹ ಇರುಳುಗಳಲ್ಲಿ ನಾಡು ನೀರಿನ ಕಡೆಗೆ ಕೈಚಾಚುತ್ತದೆ. ಆ ನೀರು ಬಹುಮಟ್ಟಿಗೆ ನಮ್ಮ ಜಿಲ್ಲೆಯದು.”

ಮಕ್ಕಳು ಮೌನವಾಗಿ ಕೇಳುತ್ತಿದ್ದರು. ಉಪಾಧ್ಯಾಯರು ಮುಂದುವರಿಸಿದರು. ಶರಾವತಿಗೆ ಮೊದಲು ಹಿರೇಭಾಸ್ಕರ ಎಂಬಲ್ಲಿ ಅಣೆಕಟ್ಟನ್ನು ಕಟ್ಟಿ, 1948ರಲ್ಲಿ ಜೋಗದ ವಿದ್ಯುದಾಗಾರವನ್ನು ಆರಂಭಿಸಿದರು. ಮುಂದೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರು ಬಂದಿತು. ನಾಡಿನ ಬೇಡಿಕೆ ಬೆಳೆಯಿತು. ಆ ಅಣೆಕಟ್ಟು ಸಾಲದಾಯಿತು. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಮುಗಿಯಿತು. ಅದರ ನೀರಿನಲ್ಲಿ ಹಳೆಯ ಅಣೆಕಟ್ಟೇ ಮುಳುಗಿಹೋಯಿತು. ಈಗಲೂ ಬೇಸಿಗೆಯಲ್ಲಿ ನೀರು ತೀರ ತಗ್ಗಿದಾಗ ಅದರ ಗೋಡೆಯು ಮೇಲೆದ್ದು ಕಾಣುತ್ತದೆ. ಲಿಂಗನಮಕ್ಕಿಯ ನೀರನ್ನು ಬಳಸುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಬಹು ವರ್ಷಗಳ ಕಾಲ ಕನ್ನಡ ನಾಡಿನ ದೀಪಗಳೂ ಯಂತ್ರಗಳೂ ಮುಖ್ಯವಾಗಿ ಶರಾವತಿಯನ್ನೇ ನಂಬಿಕೊಂಡಿದ್ದುವು.

“ಹಳೆಯ ಅಣೆಕಟ್ಟೇ ಮುಳುಗಿತೆಂದರೆ ಊರುಗಳ ಗತಿಯೇನು, ಸಾರ್?” ಎಂದು ಒಬ್ಬ ಹುಡುಗ ಕೇಳಿದನು.

“ಅವೂ ಮುಳುಗಿದುವು. ಗದ್ದೆ, ಅಡಿಕೆಯ ತೋಟ, ದೇವಸ್ಥಾನ, ಶಾಲೆ ಎಲ್ಲವೂ ನೀರಿನ ಪಾಲಾದುವು. ಅಲ್ಲಿನ ಜನರನ್ನು ಶಿವಮೊಗ್ಗ, ಸಾಗರ, ಹೊಸನಗರ ಮುಂತಾದ ತಾಲ್ಲೂಕುಗಳ ಕಾಡಿನ ಅಂಚಿಗೆ ತಂದು ಬಿಟ್ಟರು. ಅವರು ಹೊಸದಾಗಿ ನೆಲ ಸವರಿ ಬದುಕು ಕಟ್ಟಿದರು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳು ಕಳೆದರೂ ಪೂರ್ತಿಯಾಗಿ ತೀರಿಲ್ಲ. ಇನ್ನು ಕೆಲವರು ಹಿನ್ನೀರಿನ ಆಚೆಯ ದಡದಲ್ಲಿಯೇ ಉಳಿದರು. ತುಮರಿಯ ಸುತ್ತಮುತ್ತಲಿನ ಆ ಹಳ್ಳಿಗಳಿಗೆ ಲಾಂಚ್ ಒಂದೇ ಹತ್ತಿರದ ದಾರಿ. ಕತ್ತಲಾದ ಮೇಲೆ ಅದೂ ಇಲ್ಲ. ರಾತ್ರಿಯಲ್ಲಿ ಕಾಯಿಲೆಯಾದರೆ ಬೆಳಗಾಗುವುದನ್ನು ಕಾಯಬೇಕು, ಇಲ್ಲವೇ ಬಹು ದೂರದ ದಾರಿಯನ್ನು ಸುತ್ತಬೇಕು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆ ಸಿದ್ಧವಾಗುವವರೆಗೆ ಅವರ ಪಾಡು ಹೀಗೆಯೇ ಇತ್ತು. ಈ ಜನರ ಬದುಕನ್ನು ಕುರಿತು ನಾ. ಡಿಸೋಜರವರು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳನ್ನು ಬರೆದಿದ್ದಾರೆ. ನೀವು ದೊಡ್ಡವರಾದ ಮೇಲೆ ಅವನ್ನು ಓದಬೇಕು.”

ಹುಡುಗಿಯ ಕಣ್ಣುಗಳು ತೇವಗೊಂಡಿದ್ದುವು. ಅವಳು ಮೆಲ್ಲನೆ, “ಸಾರ್, ನಮ್ಮ ಅಜ್ಜಿಯ ಊರೂ ಅಲ್ಲಿಯೇ ಇತ್ತು. ನೀರು ಬಂದಾಗ ಅಜ್ಜಿಗೆ ಎಂಟು ವರ್ಷವಂತೆ. ಮನೆಯನ್ನು ಬಿಡುವ ದಿನ ಅಜ್ಜಿಯ ತಾಯಿ ಗೋಡೆಯ ಗೂಡಿನಲ್ಲಿ ದೀಪ ಹಚ್ಚಿಟ್ಟು ಬಂದಿದ್ದರಂತೆ. ಹೊಸ ಜಾಗದಲ್ಲಿ ಬಹಳ ವರ್ಷ ಚಿಮಣಿ ಬುಡ್ಡಿಯೇ ಗತಿಯಾಗಿತ್ತಂತೆ” ಎಂದಳು. ಇದುವರೆಗೆ ಗಲಗಲ ಮಾತನಾಡುತ್ತಿದ್ದ ಮಕ್ಕಳೆಲ್ಲರೂ ಸುಮ್ಮನಾದರು. ನಾಡಿಗೆ ಬೆಳಕನ್ನು ಕೊಟ್ಟವರ ಮನೆಯಲ್ಲಿಯೇ ಕತ್ತಲೆ ಉಳಿದುದು ಎಂತಹ ವಿಪರ್ಯಾಸ!

ಮಾರ್ಗದರ್ಶಿಯು ಧ್ವನಿವರ್ಧಕವನ್ನು ಮಡಿಲಲ್ಲಿಟ್ಟುಕೊಂಡು ಇದೆಲ್ಲವನ್ನೂ ಕೇಳುತ್ತಿದ್ದರು. ಜನಸಂದಣಿ ತುಸು ಸಡಿಲಗೊಂಡು ಬಸ್ಸು ಮುಂದೆ ಹೊರಟಿತು. ಕೃಷ್ಣರಾಜ ವೃತ್ತದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ ದೀಪಗಳ ನಡುವೆ ಕಂಗೊಳಿಸುತ್ತಿತ್ತು. ಅವರ ಆಳ್ವಿಕೆಯ ಇಪ್ಪತ್ತೈದು ವರ್ಷಗಳ ನೆನಪಿಗಾಗಿ 1927ರಲ್ಲಿ ನಿಲ್ಲಿಸಿದ ದೊಡ್ಡ ಗಡಿಯಾರದ ಗೋಪುರವನ್ನೂ, ದೇವರಾಜ ಮಾರುಕಟ್ಟೆಯ ಹೂವಿನ ರಾಶಿಗಳನ್ನೂ ನೋಡುತ್ತ ಅವರು ಸಯ್ಯಾಜಿರಾವ್ ರಸ್ತೆಯಲ್ಲಿ ಸಾಗಿದರು. 175 ಅಡಿ ಎತ್ತರದ ಅವಳಿ ಗೋಪುರಗಳುಳ್ಳ ಸಂತ ಫಿಲೋಮಿನಾ ಚರ್ಚು ಇರುಳಿನ ಆಕಾಶವನ್ನು ಮುಟ್ಟುವಂತೆ ನಿಂತಿತ್ತು. ಮಕ್ಕಳು ಎಲ್ಲವನ್ನೂ ನೋಡಿದರು. ಆದರೆ ಈಗ ಅವರು ದೀಪವನ್ನು ನೋಡಿದಾಗಲೆಲ್ಲ ಅದರ ಹಿಂದಿನ ತಂತಿಯನ್ನೂ, ತಂತಿಯ ಆಚೆಯ ಕತ್ತಲೆಯನ್ನೂ ನೋಡುತ್ತಿದ್ದರು.

ಪ್ರವಾಸ ಮುಗಿದು ಬಸ್ಸಿನಿಂದ ಇಳಿಯುವಾಗ ಮಾರ್ಗದರ್ಶಿ ಹುಡುಗಿಯನ್ನು ಕರೆದು, “ತಂಗೀ, ನಾಳೆಯ ಪ್ರವಾಸಿಗಳಿಗೆ ಅರಮನೆಯ ಮುಂದೆ ನಿಮ್ಮ ಅಜ್ಜಿಯ ಊರಿನ ಮಾತನ್ನೂ ಹೇಳುತ್ತೇನೆ” ಎಂದರು.

ಮರುದಿನ ರಾತ್ರಿ ಮಕ್ಕಳು ಶಿವಮೊಗ್ಗಕ್ಕೆ ಹಿಂತಿರುಗಿದರು. ವಿನೋಬನಗರದ ಆ ಮನೆಯಲ್ಲಿ ಅಜ್ಜಿ ಮಲಗದೆ ಕಾಯುತ್ತಿದ್ದರು. ಭೂಮಿಯಿಲ್ಲದವರಿಗೆ ಭೂಮಿಯನ್ನು ಬೇಡುತ್ತ ಊರೂರು ನಡೆದ ಆಚಾರ್ಯ ವಿನೋಬಾ ಭಾವೆಯವರ ಹೆಸರನ್ನು ಹೊತ್ತ ಬಡಾವಣೆ ಅದು. ತಮ್ಮ ಭೂಮಿಯನ್ನು ನಾಡಿಗಾಗಿ ಬಿಟ್ಟುಕೊಟ್ಟ ಮನೆತನದ ಆ ಮುದುಕಿ ಅಲ್ಲಿ ಮಗನ ಬಾಡಿಗೆಯ ಮನೆಯಲ್ಲಿದ್ದರು.

“ದೀಪಗಳನ್ನು ನೋಡಿದೆಯಾ, ಪುಟ್ಟೀ? ಎಷ್ಟಿದ್ದುವು?”

“ಅರಮನೆಯೊಂದರಲ್ಲಿಯೇ ಲಕ್ಷದ ಹತ್ತಿರವಂತೆ, ಅಜ್ಜಿ.”

“ಎಲ್ಲವೂ ಉರಿಯುತ್ತಿದ್ದುವೇ?”

“ಉರಿಯುತ್ತಿದ್ದುವು.”

“ಹಾಗಾದರೆ ಒಳ್ಳೆಯದಾಯಿತು. ಕೊಟ್ಟದ್ದು ಕೆಟ್ಟುಹೋಗಲಿಲ್ಲ” ಎಂದರು ಅಜ್ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಟ್ಟವರ ಹೆಸರನ್ನು ಯಾರಾದರೂ ಹೇಳಿದರೇ?” ಎಂದು ಕೇಳಿದರು.

ಹುಡುಗಿಯು ಅಜ್ಜಿಯ ಪಕ್ಕದಲ್ಲಿ ಕುಳಿತು, ಬಸ್ಸಿನ ಮೇಲೆ ನಡೆದ ಮಾತುಗಳನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು.

ಅಭ್ಯಾಸ

ಪದಗಳ ಅರ್ಥ

ಬಿಜಯಂಗೈ – ದಯಮಾಡಿಸು, ಸವಾರಿ ಮಾಡು
ಮಾಡು – ಮನೆಯ ಮೇಲ್ಛಾವಣಿ
ಆಪಾದಮಸ್ತಕ – ಅಡಿಯಿಂದ ಮುಡಿಯವರೆಗೆ
ದೀವಟಿಗೆ – ಕೈಯಲ್ಲಿ ಹಿಡಿಯುವ ಪಂಜು
ಕವಾಯತು – ಸೈನಿಕರ ವ್ಯಾಯಾಮ ಪ್ರದರ್ಶನ
ವಿಪರ್ಯಾಸ – ತಿರುಗುಮುರುಗು, ವಿರುದ್ಧವಾದ ಸ್ಥಿತಿ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಹೋಯಿ ಆನ್ ಪಟ್ಟಣದಲ್ಲಿ ಪ್ರತಿ ತಿಂಗಳೂ ಏನು ಮಾಡುತ್ತಾರೆ?
2. ಮೈಸೂರಿನ ಈಗಿನ ಅರಮನೆಯ ನಕ್ಷೆಯನ್ನು ರಚಿಸಿದವರು ಯಾರು?
3. ಹಿರೇಭಾಸ್ಕರ ಅಣೆಕಟ್ಟು ಈಗ ಯಾವಾಗ ಕಾಣುತ್ತದೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಸಂಜೆಯ ವೇಳೆಯಲ್ಲಿ ಜಲವಿದ್ಯುತ್ತಿಗೆ ಹೆಚ್ಚಿನ ಬೆಲೆ ಏಕೆ?
2. ಅರಮನೆಯ ದೀಪಗಳು ಬೆಳಗಿದ ನೋಟವನ್ನು ವರ್ಣಿಸಿ.
3. ಮುಳುಗಡೆಯ ಊರುಗಳ ಜನರು ಅನುಭವಿಸಿದ ಕಷ್ಟಗಳು ಯಾವುವು?

ಇ. ಸಂದರ್ಭವನ್ನು ತಿಳಿಸಿ ವಿವರಿಸಿ.
1. “ಅವುಗಳಲ್ಲಿ ನಮ್ಮೂರೂ ಒಂದಿಷ್ಟು ಉರಿಯುತ್ತದೆ.”
2. “ಕಟ್ಟಿ ನಿಲ್ಲಿಸಿದ ನೀರೆಂದರೆ ಕೂಡಿಟ್ಟ ಬೆಳಕು.”

ಈ. ನಿಮ್ಮ ಊರಿನ ಹಿರಿಯರೊಬ್ಬರನ್ನು ಕಂಡು, ಊರಿಗೆ ಮೊದಲ ವಿದ್ಯುದ್ದೀಪ ಬಂದ ದಿನವನ್ನು ಕುರಿತು ಕೇಳಿ, ಒಂದು ಪುಟದಷ್ಟು ಬರೆಯಿರಿ.